ನಲ್ಲಿಯ ಪಕ್ಕದ ಪ್ಲಮ್ ಮರ

ಪ್ಲಮ್ ಮರಕ್ಕೆ ಚಳಿ ಬೇಕು. ಕತಾರಿನಲ್ಲಿ ಚಳಿ ಇಲ್ಲ. ಈ ಎರಡು ಮಾತು ವಿಮಾನ ಹತ್ತುವ ಮೊದಲೇ ನನಗೆ ಗೊತ್ತಿತ್ತು. ಆದರೂ ಬಂದೆ. ಹಣ್ಣು ಬಿಡಿಸಿ ಕೊಡುತ್ತೇನೆ ಎಂದು ಸುಳ್ಳು ಹೇಳಿಯೇ ಬಂದೆ.

ಬಂದದ್ದು ಮರಕ್ಕಾಗಿ ಅಲ್ಲ, ಮಗಳಿಗಾಗಿ. ಅವಳು ಇಲ್ಲಿಯ ಅಲ್ ಅಜೀಜಿಯಾ ಬಡಾವಣೆಯ ಒಂದು ವಿಲ್ಲಾದಲ್ಲಿ ಅಡುಗೆ ಕೆಲಸಕ್ಕಿದ್ದಳು. ಅವಳಿಗೆ ಫಿಟ್ಸ್ ಬರುತ್ತದೆ. ಗಂಡ ಬಿಟ್ಟದ್ದೂ ಅದಕ್ಕೇ. ವಿಲ್ಲಾದವರಿಗೆ ಹೇಳಿರಲಿಲ್ಲ. ಹೇಳಿದರೆ ಒಲೆಯ ಮುಂದೆ ಯಾರು ನಿಲ್ಲಿಸುತ್ತಾರೆ? ಅಲ್ಲಿ ಎರಡು ಸಲ ಬಂದಿತ್ತು, ಎರಡು ಸಲವೂ ಕೋಣೆಯೊಳಗೆ. ಫೋನಿನಲ್ಲಿ ಅವಳು ಅಳಲಿಲ್ಲ. "ಮೂರನೇ ಸಲ ಎಲ್ಲಿ ಬೀಳ್ತೀನೋ ಗೊತ್ತಿಲ್ಲ ಕನವ್ವ" ಅಂದಳು, ಅಷ್ಟೆ.

ಆ ಮನೆಯ ಯಜಮಾನರು ಯಾವುದೋ ದೇಶದಿಂದ ಆರು ಪ್ಲಮ್ ಸಸಿ ತರಿಸಿ ಹಿತ್ತಲಲ್ಲಿ ಸಾಲಾಗಿ ನೆಡಿಸಿದ್ದರು. ಎರಡು ಜಾತಿ, ಮೂರು ಮೂರು. ಚಳಿ ಕಮ್ಮಿಯಾದರೂ ಸಾಕು, ಬಿಸಿ ಸೀಮೆಯಲ್ಲೂ ಹಣ್ಣಾಗುತ್ತದೆ ಎಂದು ಮಾರಿದವರು ಹೇಳಿದ್ದರಂತೆ. ಗಿಡ ನೋಡಿಕೊಳ್ಳುವವರು ಸಿಗಲಿಲ್ಲ. ಮಗಳು ಬಾಯಿ ಬಿಟ್ಟಳು: ನಮ್ಮ ಅವ್ವ ನೀಲಗಿರಿ ಮೇಲೆ ಹಣ್ಣಿನ ತೋಟದಲ್ಲಿ ಜೀವಮಾನ ಪೂರ್ತಿ ಪ್ಲಮ್ ಕೆಲಸ ಮಾಡಿದ್ದಾಳೆ ಎಂದು. ಅದು ಸುಳ್ಳಲ್ಲ. ತೋಟದವರು ವಯಸ್ಸಾಯಿತೆಂದು ಆಗ ತಾನೇ ನನ್ನನ್ನು ಬಿಡಿಸಿದ್ದರು. ಪಾಸ್‌ಪೋರ್ಟಿನಲ್ಲಿ ನನ್ನ ವಯಸ್ಸು ಎಂಟು ವರ್ಷ ಕಮ್ಮಿ ಇದೆ. ಬರೆದವರು ಬರೆದರು, ನಾನು ತಿದ್ದಿಸಲಿಲ್ಲ. ಮನೆಗೆಲಸದ ವೀಸಾ ಬಂತು.

ವಿಶ್ವಕಪ್‌ಗೆ ಆಗ ಮೂರು ವರ್ಷ ಇತ್ತು. ಬಂದ ಮೂರನೆಯ ದಿನ ಯಜಮಾನರು ನನ್ನನ್ನು ಮರದ ಸಾಲಿಗೆ ಕರೆದರು. ನಡುವೆ ಮಾತು ದಾಟಿಸಲು ಮನೆಯ ಡ್ರೈವರ್ ಇದ್ದ. ಬಂಟ್ವಾಳ ಕಡೆಯ ಬ್ಯಾರಿ, ಇಪ್ಪತ್ತು ವರ್ಷದಿಂದ ಇಲ್ಲೇ ಇರುವವನು, ಯಜಮಾನರನ್ನು ಬಾಬಾ ಎನ್ನುವವನು.

"ಅಮ್ಮ, ಬಾಬಾ ಕೇಳ್ತಾರೆ, ವರ್ಲ್ಡ್ ಕಪ್ಪಿಗೆ ಬರುವ ಗೆಸ್ಟಿಗೆ ಈ ಹಣ್ಣು ಕೊಡ್ಲಿಕ್ಕೆ ಆಗ್ತದಾ ಅಂತ."

"ಆಟ ಯಾವ ತಿಂಗಳು?"

"ನವೆಂಬರ್."

"ಹಣ್ಣು ಬರೋದು ಮೇ ತಿಂಗಳಲ್ಲಿ. ಮರಕ್ಕೆ ಆಟ ಪಾಟ ಗೊತ್ತಾಗಾಕಿಲ್ಲ ಅನ್ನು."

"ಅದನ್ನು ಹಾಗೇ ಹೇಳ್ಲಿಕ್ಕೆ ಆಗ್ತದಾ ಮಾರಾಯ್ರೆ? ನಿಮ್ಮೊಟ್ಟಿಗೆ ನನ್ನ ಕೆಲಸವೂ ಖಲಾಸ್." ಅವನು ಅರಬ್ಬಿಯಲ್ಲಿ ಉದ್ದಕ್ಕೆ ಏನೋ ಹೇಳಿದ. ಯಜಮಾನರು ನಕ್ಕರು. "ಹಾಗಾದ್ರೆ ಜಾಮ್ ಮಾಡಿ ಇಡಿ ಅಂದ್ರು," ಎಂದ ಡ್ರೈವರ್. ಆಮೇಲೆ ನಗೆ ಬಿಟ್ಟು ಇನ್ನೊಂದು ಮಾತು ದಾಟಿಸಿದ. ಆಟದ ವರ್ಷದ ಮೇ ತಿಂಗಳೊಳಗೆ ಹಣ್ಣು ಬರಬೇಕು. ಬಂದರೆ ನೀನು ಇರು. ಬಾರದಿದ್ದರೆ ಮರ ಕಿತ್ತು ಕಲ್ಲು ಹಾಸಿ, ಅಲ್ಲಿ ಅತಿಥಿಗಳಿಗೆ ಡೇರೆ ಹಾಕಿಸುತ್ತೇನೆ. ನಿನಗೆ ಊರಿಗೆ ಟಿಕೆಟ್.

ಮೊದಲ ವರ್ಷ ಮಣ್ಣಿನ ಜೊತೆಯೇ ಕಳೆಯಿತು. ನಮ್ಮ ಬೆಟ್ಟದ ಮಣ್ಣು ಕೆಂಪು, ಹುಳಿ. ಇಲ್ಲಿಯದು ಸುಣ್ಣ ಬೆರೆತ ಮರಳು. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯಿತು. ಬೇರಿಗೆ ಕಬ್ಬಿಣ ಸಿಗುತ್ತಿಲ್ಲ ಎಂದು ಅದರ ಅರ್ಥ. ಬುಡ ಬಿಡಿಸಿ ಗಂಧಕದ ಪುಡಿ ಬೆರೆಸಿದೆ, ನರ್ಸರಿಯಿಂದ ಕಬ್ಬಿಣದ ಔಷಧಿ ತರಿಸಿ ಕರಗಿಸಿ ಹಾಕಿದೆ. ತೋಟಕ್ಕೆಂದು ಟ್ಯಾಂಕರಿನಲ್ಲಿ ಬರುತ್ತಿದ್ದ ನೀರನ್ನು ನಾಲಿಗೆಗೆ ಮುಟ್ಟಿಸಿ ನೋಡಿದೆ, ಉಪ್ಪು. ಎಲೆಯ ಅಂಚು ಸುಟ್ಟಂತಾಗುತ್ತಿದ್ದುದು ಅದಕ್ಕೇ. ಎ.ಸಿ. ಪೆಟ್ಟಿಗೆಗಳಿಂದ ದಿನವಿಡೀ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ. ಹದಿನಾಲ್ಕು ಎ.ಸಿ.ಗಳ ಕೆಳಗೂ ಬಕೆಟ್ ಇಟ್ಟೆ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ಬಕೆಟ್ ಹೊತ್ತೆ. ಕಾಂಡ ಬೇಯದಂತೆ ಸುಣ್ಣ ಬಳಿದೆ. ಮರ ಬದುಕಿದವು.

ಬದುಕುವುದು ಬೇರೆ, ಹಣ್ಣು ಬಿಡುವುದು ಬೇರೆ. ಬೆಟ್ಟದ ಮೇಲೆ ಪ್ಲಮ್ ಮರ ಚಳಿ ಬಿದ್ದಾಗ ತಾನೇ ಎಲೆ ಉದುರಿಸಿ ಬೋಳಾಗಿ ಮಲಗುತ್ತದೆ. ಮಲಗಿ ಎದ್ದರೆ ಮಾತ್ರ ಹೂವು. ಚಳಿ ಕಮ್ಮಿ ಸಾಕೆನ್ನುವ ಜಾತಿಗೂ ಸ್ವಲ್ಪವಾದರೂ ನಿದ್ದೆ ಬೇಕು. ಇಲ್ಲಿ ಜನವರಿಯಲ್ಲೂ ಮಧ್ಯಾಹ್ನ ಬೆವರು ಬರುತ್ತದೆ. ನಮ್ಮ ತೋಟದ ಕೆಳಗಿನ ಬ್ಲಾಕ್ ಬೆಟ್ಟದ ಬುಡದಲ್ಲಿತ್ತು, ಅಲ್ಲಿಯೂ ಸೆಕೆ. ಅಲ್ಲಿ ನಮ್ಮ ಹಳೆಯ ಮೇಸ್ತ್ರಿ ಮರವನ್ನು ಹಸಿವಿನಿಂದ ಮಲಗಿಸುತ್ತಿದ್ದರು. ನೀರು ನಿಲ್ಲಿಸಿ ಒಣಗಿಸುವುದು, ಎಲೆ ಬಣ್ಣ ತಿರುಗಿದಾಗ ಕೈಯಿಂದ ಎಲೆ ತೆಗೆಯುವುದು. ನನ್ನ ಹತ್ತಿರ ಇದ್ದ ಉಪಾಯ ಅದೊಂದೇ.

ಎರಡನೆಯ ಚಳಿಗಾಲಕ್ಕೆ ಮೊದಲು ಕೊರೋನಾ ರೋಗದ ವರ್ಷ ಬಂತು. ವಿಮಾನ ನಿಂತವು. ಮಗಳ ಮಾತ್ರೆ ಊರಿಂದ ಬರುತ್ತಿತ್ತು, ಅದೂ ನಿಂತಿತು. ಇಲ್ಲಿಯ ಆಸ್ಪತ್ರೆಗೆ ಹೋದರೆ ವಿಷಯ ಮನೆಗೆ ತಿಳಿಯುತ್ತದೆ ಎಂಬ ಹೆದರಿಕೆ. ಇದ್ದ ಮಾತ್ರೆ ಅರ್ಧ ಮಾಡಿ ನುಂಗಿಸಿದೆ, ಆಮೇಲೆ ಕಾಲು. ತಪ್ಪು ಮಾಡಿದೆ. ತಿಂಗಳುಗಟ್ಟಲೆ ಬಾರದಿದ್ದುದು ವಾರಕ್ಕೊಮ್ಮೆ ಬರತೊಡಗಿತು. ಬರುವ ಮೊದಲು ಅವಳ ಕಣ್ಣು ಒಂದೇ ಕಡೆ ನಿಲ್ಲುತ್ತದೆ, ಬಲಗೈ ಬಟ್ಟೆ ಉಜ್ಜುತ್ತದೆ. ಅಷ್ಟು ಕಂಡರೆ ನಾನು ಒಲೆ ಆರಿಸಿ ಅವಳನ್ನು ನೆಲಕ್ಕೆ ಇಳಿಸಿ ಮಗ್ಗುಲಾಗಿ ಮಲಗಿಸುತ್ತಿದ್ದೆ. ಅಡುಗೆಮನೆಯಲ್ಲಿ ನಾನು ತರಕಾರಿ ಹೆಚ್ಚುವವಳು ಎಂದು ಮನೆಯವರು ತಿಳಿದಿದ್ದರು. ನಾನು ನೋಡುತ್ತಿದ್ದುದು ಅವಳ ಬಲಗೈಯನ್ನು.

ಆ ನವೆಂಬರಿನಲ್ಲಿ ಮರಗಳಿಗೆ ನೀರು ನಿಲ್ಲಿಸಿದೆ. ಡಿಸೆಂಬರ್ ಮುಗಿದರೂ ಎಲೆ ಹಸಿರಾಗಿಯೇ ಇತ್ತು. ತುದಿಯಲ್ಲಿ ಹೊಸ ಚಿಗುರು ಬೇರೆ. ಚಿಗುರುವ ಮರದ ಎಲೆ ಕಿತ್ತರೆ ಅದು ಮಲಗುವುದಿಲ್ಲ, ಇನ್ನಷ್ಟು ಚಿಗುರುತ್ತದೆ. ಅದಕ್ಕೆ ಕೈ ಹಾಕಲಿಲ್ಲ, ಕಾದೆ. ಯಜಮಾನರು ಬಂದು ನೋಡಿ, ಚಳಿ ತಾನೇ ಬೇಕಾದದ್ದು ಎಂದು ಮೀನು ಮಾರುಕಟ್ಟೆಯಿಂದ ನಾಲ್ಕು ಮೂಟೆ ಐಸ್ ತರಿಸಿ ಬುಡಕ್ಕೆ ಸುರಿಸಿದರು.

"ಚಳಿ ಬೇಕಿರೋದು ಮೊಗ್ಗಿಗೆ, ಬೇರಿಗಲ್ಲ. ಐಸ್ ಕರಗಿದ್ರೆ ನೀರಾಯ್ತದೆ ಅಂತ ಹೇಳು," ಎಂದು ಡ್ರೈವರಿಗೆ ಹೇಳಿದೆ.

"ನೀವೇ ಹೇಳಿ. ಐಸ್ ಕರಗ್ತದೆ ಅಂತ ನಾನು ಬಾಬಾನಿಗೆ ಕಲಿಸ್ಬೇಕಾ?"

ಒಂದು ಹೂವೂ ಬರಲಿಲ್ಲ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಯಜಮಾನರು ಬೈಯಲಿಲ್ಲ. ಒಂದು ಬೆರಳು ತೋರಿಸಿದರು, ಇನ್ನೊಂದೇ ವರ್ಷ ಎಂದು.

ಮೂರನೆಯ ಚಳಿಗಾಲ ಕಡೆಯದು. ಅಕ್ಟೋಬರ್ ಮುಗಿಯುವಾಗಲೇ ನೀರು ಕಟ್ಟಿದೆ. ಹಗಲಿನ ಬಿಸಿಲು ಮೊಗ್ಗಿಗೆ ತಾಗದಂತೆ ಮೇಲೆ ಪರದೆ ಎಳೆದು, ಬಿಸಿಲಿಳಿದ ಮೇಲೆ ತೆಗೆದೆ. ಬಾಟಲಿಗಳಿಗೆ ಮರಳು ತುಂಬಿ ಕೊಂಬೆಗಳಿಗೆ ತೂಗುಹಾಕಿ ಅವನ್ನು ಅಡ್ಡಕ್ಕೆ ಬಗ್ಗಿಸಿದೆ. ನೆಟ್ಟಗೆ ನಿಂತ ಕೊಂಬೆ ಎಲೆ ಬಿಡುತ್ತದೆ, ಬಗ್ಗಿದ್ದು ಹೂ ಬಿಡುತ್ತದೆ. ಮೂರು ವಾರ ಕಳೆದು ಬುಡಕ್ಕೆ ಕೈ ಹಾಕಿದರೆ ಮಣ್ಣು ತಣ್ಣಗೆ, ತೇವ.

ಪೈಪ್ ಸೋರುತ್ತಿರಬೇಕೆಂದು ಸಾಲಿನುದ್ದಕ್ಕೂ ಅಗೆದೆ. ಪೈಪ್ ಸರಿಯಾಗಿಯೇ ಇತ್ತು. ಡ್ರೈವರಿನ ಮೇಲೆ ಹರಿಹಾಯ್ದೆ.

"ಕಾರ್ ತೊಳೆದ ನೀರು ಇಲ್ಲಿಗೆ ಬುಡ್ತಿದ್ದೀಯೇನ್ಲಾ?"

"ಅಲ್ಲಾಹನಾಣೆ ಇಲ್ಲ ಅಮ್ಮ! ನಾನು ಕಾರು ತೊಳೆಯುದು ಗೇಟಿನ ಹೊರಗೆ. ನಿಮ್ಮ ಮರಕ್ಕೆ ಏನಾದ್ರೂ ಆದ್ರೆ ನನ್ನ ತಲೆಗೆ ಕಟ್ಲಿಕ್ಕೆ ನಾನೇನು ನಿಮ್ಮ ಅಳಿಯನಾ?"

ಆಮೇಲೆ ನೋಡಿದೆ, ಒದ್ದೆ ಮಣ್ಣಿನಲ್ಲಿ ಸಣ್ಣ ಸಣ್ಣ ದುಂಡು ಗುಳಿ. ಮೊಳೆ ಹೊಡೆದಂತೆ ಒಂದರ ಹಿಂದೆ ಒಂದು. ಸಾಲಿನ ತುದಿಯಲ್ಲಿ ಒಂದು ಹಳೆಯ ನಲ್ಲಿಕಟ್ಟೆ ಇದೆ. ಅದರ ನೀರು ಮರದ ಕಾಲುವೆಗೆ ಹೋಗದಂತೆ ನಾನೇ ಮಣ್ಣಿನ ಹೆಂಟೆ ಇಟ್ಟು ಮುಚ್ಚಿದ್ದೆ. ಗುಳಿಗಳು ಆ ಹೆಂಟೆಯ ಹತ್ತಿರ ಮುಗಿಯುತ್ತಿದ್ದವು.

ಮಧ್ಯಾಹ್ನ ಊಟವಾದ ಮೇಲೆ ಇಡೀ ಮನೆ ಮಲಗುತ್ತದೆ, ನಾನೂ ಒಂದು ಗಳಿಗೆ ಒರಗುತ್ತಿದ್ದೆ. ಆ ದಿನ ಒರಗಲಿಲ್ಲ. ಬಕೆಟ್‌ಗಳ ಹಿಂದೆ ಕೂತು ಕಾದೆ. ಯಜಮಾನರ ತಾಯಿ ಬಂದಳು. ಅವಳನ್ನು ನಾನೂ ಮಗಳೂ ದೊಡ್ಡಮ್ಮ ಎನ್ನುತ್ತಿದ್ದೆವು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಕೋಲೂರಿಕೊಂಡು ಬಂದು ನಲ್ಲಿಕಟ್ಟೆಯ ಮೇಲೆ ಕೂತು ನಮಾಜಿಗೆ ಕೈ, ಮುಖ, ಕಾಲು ತೊಳೆದಳು. ಎದ್ದು ಕೋಲಿನ ತುದಿಯಿಂದ ನನ್ನ ಹೆಂಟೆಯನ್ನು ಪಕ್ಕಕ್ಕೆ ತಳ್ಳಿದಳು. ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಕಾಲುವೆಗುಂಟ ಆರನೆಯ ಮರದ ತನಕ ಹೋಗುವವರೆಗೆ ನಿಂತು ನೋಡಿದಳು. ಆಮೇಲೆ ನಲ್ಲಿ ನಿಲ್ಲಿಸಿ, ಹೆಂಟೆಯನ್ನು ಮೊದಲಿದ್ದ ಜಾಗಕ್ಕೇ ಎಳೆದು ಕೋಲಿನಿಂದ ತಟ್ಟಿದಳು.

ನಾನು ಎದ್ದು ನಿಂತೆ. ಅವಳಪ್ಪ ಹಿಂದೆ ಮುಂಬೈಗೆ ವ್ಯಾಪಾರಕ್ಕೆ ಹೋಗಿ ಬರುತ್ತಿದ್ದವನು, ಅವಳಿಗೆ ಹರಕು ಹಿಂದಿ ಬರುತ್ತದೆ. ನನ್ನದು ಅದಕ್ಕಿಂತ ಹರಕು. ನಮ್ಮಿಬ್ಬರ ಹಿಂದಿ ಕೇಳಿದರೆ ಹಿಂದಿಯವರು ಓಡಿಹೋಗಬೇಕು. ಕನ್ನಡದಲ್ಲೇ ಬರೆಯುತ್ತೇನೆ.

"ನೀರು ಹಾಕಬೇಡ," ಎಂದೆ. "ಮರ ಉಪವಾಸ ಇರಬೇಕು. ನಿಮ್ಮ ರಂಜಾನಿನ ಹಾಗೆ."

"ಹುಷಾರಿಲ್ಲದವರಿಗೆ ಉಪವಾಸವಿಲ್ಲ. ಮುದುಕರಿಗೂ ಇಲ್ಲ."

"ಇದು ಮುದಿ ಮರವಲ್ಲ. ಐದು ವರ್ಷದ್ದು."

"ಹಾಗಾದರೆ ಮಗು. ಮಗುವಿಗಂತೂ ಇಲ್ಲವೇ ಇಲ್ಲ."

ಸಿಟ್ಟು ಬಂತು. ಎರಡು ವರ್ಷದ ನನ್ನ ಬೆವರನ್ನು ನೀನು ಈ ನಲ್ಲಿಯಲ್ಲಿ ತೊಳೆದೆ ಎಂದೆ. ಅವಳು ಕಟ್ಟೆಯ ಮೇಲೆ ಮತ್ತೆ ಕೂತಳು. ಅವಳ ತಾಯಿ ಸಾಯುವ ದಿನ ನೀರು ಕೇಳಿದಳಂತೆ. ಕೊಡಬೇಡಿ ಎಂದಿದ್ದರು ಡಾಕ್ಟರು. ಕೊಡಲಿಲ್ಲ. ಅಂದಿನಿಂದ ದಿನಕ್ಕೊಮ್ಮೆ ಬಾಯಾರಿದ ಯಾವುದಕ್ಕಾದರೂ ತಾಯಿಯ ಹೆಸರಿನಲ್ಲಿ ನೀರು ಕೊಡುತ್ತಾಳೆ. ಮೊದಲು ಬೆಕ್ಕಿಗೆ, ಹಕ್ಕಿಗೆ. ಈಗ ನಡೆಯಲು ಆಗುವುದು ಈ ಮರದವರೆಗೆ ಮಾತ್ರ.

"ನೀನು ನೀರು ಕೊಟ್ಟರೆ ಹಣ್ಣು ಬರುವುದಿಲ್ಲ. ಹಣ್ಣು ಬಾರದಿದ್ದರೆ ನಾನು ಊರಿಗೆ ಹೋಗಬೇಕು."

"ಗೊತ್ತು," ಎಂದಳು. "ನೀನು ಹೋದರೆ ನಿನ್ನ ಮಗಳು ಬೀಳುವಾಗ ಹಿಡಿಯುವವರು ಯಾರು?"

ರೋಗದ ವರ್ಷದ ಬೇಸಿಗೆಯಲ್ಲಿ, ಬಟ್ಟೆ ಒಣಗಿಸುವ ಜಾಗದಲ್ಲಿ ಮಗಳು ಬಿದ್ದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು. ಒಂದೂವರೆ ವರ್ಷ ಬಾಯಿ ಬಿಟ್ಟಿರಲಿಲ್ಲ.

"ನಾನು ಯಾರಿಗೂ ಹೇಳಿಲ್ಲ. ನೀನೂ ನನ್ನ ನೀರಿನ ವಿಷಯ ಯಾರಿಗೂ ಹೇಳಬೇಡ."

ಅದು ಬೆದರಿಕೆಯೋ ಕರುಣೆಯೋ ನನಗೆ ಇಂದಿಗೂ ಗೊತ್ತಿಲ್ಲ. ಕೇಳಿಲ್ಲ. ಆಗ ಯೋಚಿಸಿದ್ದು ಒಂದೇ, ಆರು ಮರದಲ್ಲಿ ಎಷ್ಟು ಬಿಟ್ಟುಕೊಟ್ಟರೆ ಉಳಿದವು ಹಣ್ಣಾಗುತ್ತವೆ ಎಂದು. ಒಂದು ಜಾತಿಯ ಹೂವಿಗೆ ಇನ್ನೊಂದು ಜಾತಿಯ ಪರಾಗ ಬೇಕು. ಒಂದು ಮರ ಹೋದರೂ ಒಂದು ಜಾತಿಯಲ್ಲಿ ಎರಡು, ಇನ್ನೊಂದರಲ್ಲಿ ಮೂರು ಉಳಿಯುತ್ತವೆ.

"ನಲ್ಲಿಯ ಪಕ್ಕದ್ದು ನಿನಗೆ. ಐದು ನನಗೆ," ಎಂದೆ.

ಅವಳು ಒಪ್ಪಿ ತಲೆ ಆಡಿಸಿದಳು. ಮೊದಲ ಮರದ ಬುಡದಾಚೆ ಕಾಲುವೆಗೆ ಕಲ್ಲು ಕೊಟ್ಟು ಸಿಮೆಂಟಿನಿಂದ ಮುಚ್ಚಿದೆ. ಅದೇ ಸಂಜೆ ಐದು ಮರಗಳ ಸುತ್ತಲಿನ ಒದ್ದೆ ಮಣ್ಣನ್ನು ಒಂದು ಗೇಣು ಎತ್ತಿ ಹಾಕಿ ಒಣ ಮರಳು ತುಂಬಿದೆ.

ಡಿಸೆಂಬರ್ ನಡುವಿಗೆ ಎಲೆ ಬಾಡಿ ಬಣ್ಣ ತಿರುಗಿತು. ಎಲೆ ತೆಗೆಯಲು ಕೂತೆ. ಎಳೆದು ಕಿತ್ತರೆ ತೊಟ್ಟಿನ ಕಂಕುಳಿನ ಮೊಗ್ಗೂ ಕಿತ್ತು ಬರುತ್ತದೆ. ತೊಟ್ಟು ಬಿಟ್ಟು ಎಲೆಯನ್ನು ಮಾತ್ರ ಉಗುರಿನಿಂದ ಹರಿಯಬೇಕು. ತೊಟ್ಟು ಆಮೇಲೆ ತಾನೇ ಬೀಳುತ್ತದೆ. ಐದು ಮರಕ್ಕೆ ಒಂಬತ್ತು ದಿನ ಹಿಡಿಯಿತು. ಹೆಬ್ಬೆರಳ ಉಗುರು ಕಪ್ಪಾಗಿ ಬಿರಿಯಿತು.

ಮಗಳು ಬಂದು ನೋಡಿ ಗಾಬರಿಯಾದಳು. "ಏನವ್ವಾ ಇದು, ಸಾಯಿಸಿಬುಟ್ಟಿಯಾ?"

"ಸತ್ರೆ ಇಬ್ರೂ ಒಟ್ಗೇ ಊರಿಗೋಗುವ ಬುಡು."

ಯಜಮಾನರೂ ಬಂದರು. ಐದು ಬೋಳು ಮರ, ಒಂದು ಹಸಿರು ಮರ. ಆ ಒಂದನ್ನು ಯಾಕೆ ಬಿಟ್ಟೆ ಎಂದು ಕೇಳಿದರು. ಹೋಲಿಸಿ ನೋಡಲು ಎಂದೆ. ದೊಡ್ಡಮ್ಮ ಕಿಟಕಿಯಲ್ಲಿ ನಿಂತಿದ್ದಳು.

ಐದು ವಾರ ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ಕೊಂಬೆಯನ್ನು ಉಗುರಿನಿಂದ ಗೀರಿ ಒಳಗೆ ಹಸಿರಿದೆಯೇ ಎಂದು ನೋಡುತ್ತಿದ್ದೆ. ಕಡೆಯ ಮರದಲ್ಲಿ ಒಂದು ದಿನ ಗೀರಿದರೆ ಕಂದು ಬಂತು. ಇನ್ನೊಂದು ಕೊಂಬೆ, ಅದೂ ಕಂದು. ಅಗತ್ಯಕ್ಕಿಂತ ಹೆಚ್ಚು ಒಣಗಿಸಿದ್ದೆ. ಆ ಮರವನ್ನು ಕೊಂದವಳು ನಾನೇ. ಉಳಿದ ನಾಲ್ಕಕ್ಕೆ ಅಂದೇ ಎ.ಸಿ. ನೀರು ಹಾಕಿದೆ. ಇನ್ನೂ ಒಂದು ವಾರ ಕಾಯಬೇಕಿತ್ತು, ಕೈ ತಡೆಯಲಿಲ್ಲ.

ಹನ್ನೊಂದನೆಯ ದಿನ ಮೊಗ್ಗು ಒಡೆಯಿತು. ಬಿಳಿ ಹೂವು. ಬೆಟ್ಟದ ಮೇಲೆ ಕೊಂಬೆ ಕಾಣದ ಹಾಗೆ ತುಂಬುತ್ತದೆ. ಇಲ್ಲಿ ಅಲ್ಲೊಂದು ಇಲ್ಲೊಂದು, ಎಣಿಸುವಷ್ಟು. ಜೇನು ಇಲ್ಲ. ಮನೆಯ ಹೆಂಗಸರು ಮುಖಕ್ಕೆ ಪೌಡರ್ ಹಚ್ಚಿ ಎಸೆದಿದ್ದ ಬ್ರಷ್ಷಿನಿಂದ ಒಂದು ಜಾತಿಯ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದೆ, ಬೆಳಿಗ್ಗೆ ಒಂದು ಸಲ, ಹತ್ತು ಗಂಟೆಗೆ ಒಂದು ಸಲ. ಡ್ರೈವರ್ ನೋಡಿ, "ಮದುವೆಗೆ ಮೇಕಪ್ ಜೋರುಂಟು ಅಮ್ಮ," ಎಂದ. ಕಾಯಿ ಕಟ್ಟಿತು. ಮಾರ್ಚಿನಲ್ಲಿ ಎರಡು ದಿನ ಧೂಳಿನ ಗಾಳಿ ಬೀಸಿ ಅರ್ಧಕ್ಕಿಂತ ಹೆಚ್ಚು ಉದುರಿತು. ಹದಿನೇಳು ಉಳಿದವು. ಒಂದೊಂದಕ್ಕೂ ಬಟ್ಟೆಯ ಚೀಲ ಕಟ್ಟಿದೆ. ಹಗಲೆಲ್ಲಾ ಮರದ ಕೆಳಗೇ ಇರತೊಡಗಿದೆ. ಅಡುಗೆಮನೆಗೆ ಹೋಗುವುದು ಕಮ್ಮಿಯಾಯಿತು. ಊರಿಂದ ಮಾತ್ರೆ ಮತ್ತೆ ಬರುತ್ತಿತ್ತು, ಮೂರು ತಿಂಗಳಿಂದ ಫಿಟ್ಸ್ ಬಂದಿರಲಿಲ್ಲ. ಇನ್ನು ಹೆದರಿಕೆಯಿಲ್ಲ ಎಂದುಕೊಂಡೆ.

ಮೇ ಮೊದಲ ವಾರ ಯಜಮಾನರನ್ನು ಕರೆಸಿದೆ. ಚೀಲ ಬಿಚ್ಚಿ ಮೊದಲ ಹಣ್ಣು ಕಿತ್ತು ಅವರ ಕೈಗೆ ಕೊಟ್ಟೆ. ಅವರು ಕಚ್ಚಿದರು. ಸಿಪ್ಪೆ ಹುಳಿ, ಒಳಗೆ ಸಿಹಿ. "ಜೈನ್," ಎಂದರು, ಚೆನ್ನಾಗಿದೆ ಎಂದು. ಆಗಲೇ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿತು.

ಆ ಸದ್ದು ನನಗೆ ಗೊತ್ತು. ಮರ ಬಿಟ್ಟು ಓಡಿದೆ. ಅವಳು ನೆಲದ ಮೇಲೆ ಸೆಟೆದು ಅದುರುತ್ತಿದ್ದಳು. ಅನ್ನದ ಕುದಿಯುವ ಗಂಜಿ ಬಲಗೈಯ ಮೇಲೆ ಸುರಿದಿತ್ತು. ನಾನು ಯಾವ ಕೈಯನ್ನು ಮೂರು ವರ್ಷ ನೋಡುತ್ತಿದ್ದೆನೋ ಅದೇ ಕೈ. ಅವಳ ಹತ್ತಿರ ಇರಲೆಂದೇ ಆ ಮರಗಳನ್ನು ಬೆಳೆಸಿದೆ. ಅವಳು ಬಿದ್ದಾಗ ಮರದ ಹತ್ತಿರ ಇದ್ದೆ.

ಯಜಮಾನರು ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಆಸ್ಪತ್ರೆಗೆ ಅವರೇ ಕಾರು ತೆಗೆಸಿದರು. ಸುಟ್ಟ ಚರ್ಮ ಸುಕ್ಕುಗಟ್ಟಿ ಅವಳ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ವಾಪಸು ಬಂದ ಮೇಲೆ ಡ್ರೈವರಿನ ಬಾಯಿಂದ ಕೇಳಿಸಿದರು, ಇದು ಎಷ್ಟು ದಿನದಿಂದ ಎಂದು.

"ಮೊದಲಿಂದ ಅನ್ನು," ಎಂದೆ.

"ಅಮ್ಮ, ಸ್ವಲ್ಪ ಬೇರೆ ಥರ ಹೇಳುವನಾ?"

"ಬ್ಯಾಡ. ಇರೋದೇ ಹೇಳು."

ಟಿಕೆಟ್ ಬರುತ್ತದೆಂದು ನಾಲ್ಕು ದಿನ ಕಾದೆ. ನಾನು ಇಬ್ಬರ ಬಟ್ಟೆ ಪೆಟ್ಟಿಗೆಗೆ ತುಂಬಿಟ್ಟೆ. ಐದನೆಯ ದಿನ ಒಳಗೆ ತಾಯಿ ಮಗನ ಜೋರು ಮಾತು ಕೇಳಿಸಿತು. ಡ್ರೈವರ್ ಬಾಗಿಲ ಹತ್ತಿರ ನಿಂತು ಕೇಳಿಕೊಂಡು ಬಂದು ಹೇಳಿದ: "ಬಾಬಾನ ತಾಯಿ ಹೇಳಿದ್ರು, ಅಡುಗೆಗೆ ಬೇರೆಯವರನ್ನು ಇಡು, ಆ ಹುಡುಗಿ ನನ್ನ ಹತ್ತಿರ ಇರ್ಲಿ, ಒಲೆ ಹತ್ರ ಹೋಗುದು ಬೇಡ. ಅವಳ ತಾಯಿಯೂ ಇರ್ಲಿ, ಇಲ್ಲದಿದ್ರೆ ನಾನು ಅಲ್ ಖೋರಿನ ಮಗಳ ಮನೆಗೆ ಹೋಗ್ತೇನೆ ಅಂತ. ಬಾಬಾ ಖಲಾಸ್, ಹಾಗೇ ಆಗ್ಲಿ ಅಂದ್ರು." ಈಗ ಮಗಳನ್ನು ಇಲ್ಲಿಯ ಆಸ್ಪತ್ರೆಗೇ ತೋರಿಸುತ್ತೇವೆ. ಮೂರು ವರ್ಷ ಸುಮ್ಮನೆ ಹೆದರಿದೆವು.

ಮರ ಉಳಿಯಲಿಲ್ಲ. ಹಣ್ಣು ಬಂದರೂ ಉಳಿಯಲಿಲ್ಲ. ಅತಿಥಿಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಬರುತ್ತಾರೆಂದು ಜೂನಿನಲ್ಲಿ ಯಂತ್ರ ತಂದು ನಾಲ್ಕನ್ನೂ ಸತ್ತ ಒಂದನ್ನೂ ಎತ್ತಿದರು. ಬೇರು ಚೆನ್ನಾಗಿತ್ತು. ಇನ್ನೆರಡು ವರ್ಷ ಬಿಟ್ಟಿದ್ದರೆ ಬುಟ್ಟಿಗಟ್ಟಲೆ ಬಿಡುತ್ತಿತ್ತು. ನಲ್ಲಿಯ ಪಕ್ಕದ್ದನ್ನು ಮಾತ್ರ ದೊಡ್ಡಮ್ಮ ಮುಟ್ಟಲು ಬಿಡಲಿಲ್ಲ. ಅದರ ಸುತ್ತ ಒಂದು ಗಜ ಮಣ್ಣು ಬಿಟ್ಟು ಕಲ್ಲು ಹಾಸಿದರು.

ಆಟದ ತಿಂಗಳು ಡೇರೆಯ ತುಂಬ ಜನ. ಬಯಲಲ್ಲಿ ಆಟ ತೋರಿಸುವ ದೊಡ್ಡ ಪರದೆ, ಕೂಗಾಟ. ನವೆಂಬರಿನಲ್ಲಿ ಎಲೆ ಉದುರಿಸಬೇಕಾದ ಮರ ಹಸಿರು ತುಂಬಿ ನಿಂತಿತ್ತು. ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಎಂದು ಬಂದವರೆಲ್ಲ ಹೊಗಳಿದರು. ಹಣ್ಣು ಯಾವಾಗ ಬಿಡುತ್ತದೆ ಎಂದು ಒಬ್ಬರು ಕೇಳಿದರು. ಬಿಡುವುದಿಲ್ಲ ಎಂದೆ.

ದೊಡ್ಡಮ್ಮನಿಗೆ ಈಗ ನಲ್ಲಿ ತಿರುಗಿಸಲು ಕೈಯಲ್ಲಿ ಶಕ್ತಿಯಿಲ್ಲ. ಮಧ್ಯಾಹ್ನ ಅವಳು ಕೈಕಾಲು ತೊಳೆದು ಏಳುತ್ತಾಳೆ. ಮಗಳು ಎಡಗೈಯಲ್ಲಿ ಟವೆಲ್ ಹಿಡಿದು ನಿಂತಿರುತ್ತಾಳೆ. ಹೆಂಟೆ ಸರಿಸಿ ನಲ್ಲಿಯನ್ನು ಪೂರ್ತಿ ತಿರುಗಿಸುವವಳು ನಾನು. ಬುಡ ತುಂಬಿ ನೀರು ನಿಲ್ಲುವವರೆಗೆ ಮೂವರೂ ಅಲ್ಲೇ ನಿಲ್ಲುತ್ತೇವೆ.